ಹಳೆಯ ಲಾರಿಯ ಎಂಜಿನ್ ಕೆಲಸ ಮನೆಯಲ್ಲೇ: ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬಹುದು?

ಪ್ರಶ್ನೆ

ನಮಸ್ಕಾರ. ನನ್ನ ಬಳಿ ಆರು ಸಿಲಿಂಡರಿನ, ಟರ್ಬೊ ಮತ್ತು ವೆಟ್ ಲೈನರ್ (ಸುತ್ತ ನೀರು ಹರಿಯುವ, ಬದಲಿಸಬಹುದಾದ ಸಿಲಿಂಡರ್ ಕೊಳವೆ) ಇರುವ ಹಳೆಯ ಡೀಸೆಲ್ ಲಾರಿಯೊಂದಿದೆ. ತಣ್ಣಗಿರುವಾಗ ಬಹಳ ಹೊತ್ತು ಸೆಲ್ಫ್ ಹೊಡೆದರಷ್ಟೇ ಸ್ಟಾರ್ಟ್ ಆಗುತ್ತದೆ, ಲೋಡಿನಲ್ಲಿ ಏರು ಹತ್ತುವಾಗ ನೀಲಿ ಹೊಗೆ ಬಿಡುತ್ತದೆ, ಎಂಜಿನ್ನಿನ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪಿನಿಂದ ಸದಾ ಹಬೆ ಹೊಮ್ಮುತ್ತಿರುತ್ತದೆ ಮತ್ತು ಆಯಿಲ್ ಮಟ್ಟ ಬೇಗ ಇಳಿಯುತ್ತದೆ. ರೇಡಿಯೇಟರಿನ ನೀರು ಕಡಿಮೆಯಾಗುತ್ತಿಲ್ಲ. ಕೆಳಗಿನಿಂದ ಬಡಿತದ ಸದ್ದೂ ಕೇಳುತ್ತಿಲ್ಲ.

ಪೂರ್ಣ ಓವರ್‌ಹಾಲ್‌ಗೆ ಬೇಕಾದಷ್ಟು ಹಣ ನನ್ನಲ್ಲಿಲ್ಲ. ಮೇಲೆ ಶೀಟ್ ಇರುವ ಜಾಗ, ಒಳ್ಳೆಯ ಸಾಕೆಟ್ ಸೆಟ್, ಟಾರ್ಕ್ ರೆಂಚ್ ಮತ್ತು ಸಮಯ ಇವೆ. ಎಂಜಿನ್ ಎತ್ತುವ ಸಾಧನವಿಲ್ಲ. ಪಿಸ್ಟನ್ನಿನ ಸುತ್ತ ಕೂರುವ ರಿಂಗ್‌ಗಳನ್ನು ಮಾತ್ರ ಬದಲಿಸಿದರೆ ಸಾಕಾಗಬಹುದೇ? ಎಂಜಿನ್ನನ್ನು ಚಾಸಿಯಿಂದ ಇಳಿಸಲೇಬೇಕೇ?

ಉತ್ತರ 1

ರಿಂಗ್ ಸಾಕೇ ಎಂಬುದಕ್ಕೆ ಹೊಗೆಯ ಬಣ್ಣ ನೋಡಿ ಉತ್ತರ ಹೇಳಲಾಗದು. ಬ್ರೀದರಿನ ಹಬೆಗೆ ಸಿಲಿಂಡರೇ ಕಾರಣವೆಂದು ತೀರ್ಮಾನಿಸುವ ಮೊದಲು ಇನ್ನೆರಡು ಭಾಗಗಳನ್ನು ನೋಡಿ. ಏರ್ ಬ್ರೇಕ್ ಇರುವ ಲಾರಿಗಳಲ್ಲಿ ಕಂಪ್ರೆಸರಿಗೆ ಆಯಿಲ್ ಹೋಗುವುದು ಎಂಜಿನ್ನಿನಿಂದಲೇ. ಅದರ ರಿಂಗ್ ಸವೆದರೆ ಗಾಳಿ ನೇರವಾಗಿ ಎಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ, ಮತ್ತು ಏರ್ ಟ್ಯಾಂಕಿನ ಡ್ರೈನ್ ತೆರೆದಾಗ ನೀರಿನೊಂದಿಗೆ ಆಯಿಲ್ಲೂ ಹೆಚ್ಚಾಗಿ ಬರುತ್ತದೆ. ಟರ್ಬೊದ ಸೀಲ್ ಹೋಗಿದ್ದರೂ ಆಯಿಲ್ ಸುಡುತ್ತದೆ. ಟರ್ಬೊದಿಂದ ಹೊರಡುವ ಗಾಳಿಯ ಹೋಸ್ ಬಿಚ್ಚಿ ಒಳಗೆ ಆಯಿಲ್ ನಿಂತಿದೆಯೇ ನೋಡಿ.

ಇವೆರಡೂ ಸರಿಯಿದ್ದರೆ ಇಂಜೆಕ್ಟರ್ ತೆಗೆದ ರಂಧ್ರದಿಂದ ಆರೂ ಸಿಲಿಂಡರುಗಳ ಕಂಪ್ರೆಷನ್ ಅಳೆದು ಹೋಲಿಸಿ. ಕಡಿಮೆ ಬಂದ ಸಿಲಿಂಡರಿನ ಪಿಸ್ಟನ್ನನ್ನು ಕಂಪ್ರೆಷನ್ನಿನ ತುತ್ತತುದಿಗೆ ತಂದು, ಅದೇ ರಂಧ್ರದಿಂದ ಗಾಳಿ ಕೊಟ್ಟು, ಅದು ಎಲ್ಲಿ ಸೋರುತ್ತದೆಂದು ಕಿವಿಗೊಟ್ಟು ಕೇಳಿ. ಸೈಲೆನ್ಸರಿನಲ್ಲಿ ಸದ್ದು ಬಂದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆಯಿಂದ ಬಂದರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಿ ಬಂದರೆ ರಿಂಗ್ ಅಥವಾ ಲೈನರ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು. ಗಾಳಿಯ ಒತ್ತಡಕ್ಕೆ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ) ತಟ್ಟನೆ ತಿರುಗಬಹುದಾದ್ದರಿಂದ ಫ್ಯಾನಿನ ಬಳಿ ಕೈಯಿಡಬೇಡಿ. ಪೆಟ್ರೋಲ್ ಎಂಜಿನ್ನಿಗೆ ಮಾಡುವಂತೆ ಸಿಲಿಂಡರಿಗೆ ಆಯಿಲ್ ಸುರಿದು ಪರೀಕ್ಷಿಸುವುದೂ ಬೇಡ. ಡೀಸೆಲ್ಲಿನ ದಹನದ ಜಾಗ ಬಹಳ ಚಿಕ್ಕದಾದ್ದರಿಂದ ಆ ಆಯಿಲ್ಲೇ ಅಳತೆಯನ್ನು ಸುಳ್ಳಾಗಿಸುತ್ತದೆ.

ಉತ್ತರ 2

ಎಂಜಿನ್ ಇಳಿಸುವ ಪ್ರಶ್ನೆಗೆ ಮಾತ್ರ ಹೇಳುತ್ತೇನೆ. ವೆಟ್ ಲೈನರ್ ಆಗಿರುವುದು ನಿಮ್ಮ ಅದೃಷ್ಟ, ಏಕೆಂದರೆ ಮೇಲೆ ಹೆಡ್ಡನ್ನೂ ಕೆಳಗೆ ಚೇಂಬರನ್ನೂ (ಆಯಿಲ್ ನಿಲ್ಲುವ ತೊಟ್ಟಿ) ಬಿಚ್ಚಿದರೆ ಪಿಸ್ಟನ್, ಲೈನರ್, ರಾಡ್ ಬೇರಿಂಗ್ (ಪಿಸ್ಟನ್ನಿನ ರಾಡ್ ಕ್ರ್ಯಾಂಕಿಗೆ ಸೇರುವಲ್ಲಿನ ಬೇರಿಂಗ್) ಎಲ್ಲವನ್ನೂ ಬ್ಲಾಕ್ ಚಾಸಿಯಲ್ಲಿದ್ದಂತೆಯೇ ಬದಲಿಸಬಹುದು. ಕ್ರ್ಯಾಂಕನ್ನು ಬ್ಲಾಕಿನಲ್ಲಿ ಹಿಡಿದಿಡುವ ಮೈನ್ ಬೇರಿಂಗುಗಳನ್ನೂ ಒಂದೊಂದೇ ಕ್ಯಾಪ್ ಬಿಚ್ಚಿ, ಕ್ರ್ಯಾಂಕಿನ ಆಯಿಲ್ ರಂಧ್ರಕ್ಕೆ ಸಣ್ಣ ಪಿನ್ ಇಟ್ಟು ತಿರುಗಿಸಿ, ಮೇಲಿನ ಶೆಲ್ಲನ್ನು (ಬೇರಿಂಗಿನ ಅರ್ಧ ಭಾಗ) ಹೊರತರಬಹುದು. ಕ್ಯಾಪ್‌ಗಳು ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲ. ಬಿಚ್ಚುವ ಮೊದಲೇ ಸಂಖ್ಯೆ ಮತ್ತು ದಿಕ್ಕು ಗುರುತು ಹಾಕಿ.

ಬಿಚ್ಚುವುದು, ತೊಳೆಯುವುದು, ಇಂಗಾಲ ಕೆರೆಯುವುದು, ವಾಲ್ವ್ ಉಜ್ಜುವುದು, ಇವೆಲ್ಲ ನಿಮ್ಮ ಸಮಯದಲ್ಲೇ ಆಗುವ ಕೆಲಸಗಳಾದ್ದರಿಂದ ಉಳಿತಾಯ ಬರುವುದು ಇಲ್ಲಿಂದಲೇ. ಹೆಡ್ಡಿನ ಬಿರುಕು ಪರೀಕ್ಷೆ ಮತ್ತು ಸಮತಟ್ಟು ಮಾಡುವುದನ್ನು ಯಂತ್ರದಂಗಡಿಗೆ ಬಿಡಿ. ಇಂಜೆಕ್ಟರ್ ಮತ್ತು ಡೀಸೆಲ್ ಪಂಪನ್ನು ಟೆಸ್ಟ್ ಬೆಂಚ್ ಇರುವವರಿಗೆ ಕೊಡಿ. ಪಂಪನ್ನು ಮನೆಯಲ್ಲಿ ಬಿಚ್ಚುವುದು ಉಳಿತಾಯವಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಕಂಪ್ರೆಸರ್ ಮತ್ತು ಟರ್ಬೊ ಸರಿಯಾಗಿವೆ. ಎರಡು ಸಿಲಿಂಡರುಗಳಲ್ಲಿ ಕಂಪ್ರೆಷನ್ ಉಳಿದವುಗಳಿಗಿಂತ ಬಹಳ ಕಡಿಮೆಯಿದ್ದು, ಗಾಳಿ ಆಯಿಲ್ ಬಾಯಿಯಲ್ಲಿ ಸೋರುತ್ತಿದೆ. ಹೆಡ್ ತೆಗೆದು ನೋಡಿದರೆ ಆ ಎರಡು ಲೈನರುಗಳ ಮೇಲ್ತುದಿಯಲ್ಲಿ ಉಗುರಿಗೆ ಸಿಗುವಷ್ಟು ಮೆಟ್ಟಿಲು ಬಿದ್ದಿದೆ. ಒಂದು ರಾಡ್ ಬೇರಿಂಗಿನಲ್ಲಿ ತಾಮ್ರದ ಬಣ್ಣ ಕಾಣುತ್ತಿದೆ. ಈಗಲೂ ರಿಂಗ್ ಮಾತ್ರ ಹಾಕಬಹುದೇ?

ಉತ್ತರ 3

ಆ ಎರಡರಲ್ಲಿ ಹಾಕಬೇಡಿ. ಲೈನರಿನ ಸವೆತ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ; ಮೇಲಿನ ರಿಂಗ್ ತಿರುಗಿ ಕೆಳಗಿಳಿಯುವ ಜಾಗದಲ್ಲಿ, ಅದರಲ್ಲೂ ಕ್ರ್ಯಾಂಕಿಗೆ ಅಡ್ಡಲಾದ ದಿಕ್ಕಿನಲ್ಲಿ, ಅದು ಅತಿ ಹೆಚ್ಚು. ಹೀಗೆ ಅಂಡಾಕಾರಕ್ಕೆ ತಿರುಗಿದ ಗೋಡೆಗೆ ಹೊಸ ದುಂಡು ರಿಂಗ್ ಪೂರ್ತಿ ಕೂರುವುದಿಲ್ಲ, ಮೆಟ್ಟಿಲಿಗೆ ಬಡಿದು ಮುರಿಯಲೂಬಹುದು. ಉಳಿದ ನಾಲ್ಕನ್ನು ಒಳವ್ಯಾಸ ಅಳೆಯುವ ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಎರಡೂ ದಿಕ್ಕಿನಲ್ಲಿ ಅಳೆಯಿರಿ. ಗೇಜ್ ಬಾಡಿಗೆಗೆ ಸಿಕ್ಕರೂ ಸಾಕು. ಅಳತೆ ಕೈಪಿಡಿಯ ಮಿತಿಯೊಳಗಿದ್ದು ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡು ಸವೆದಿರದಿದ್ದರೆ ಅಲ್ಲಿ ಹೊಸ ರಿಂಗ್ ಸಾಕು, ಕೆಟ್ಟ ಎರಡಕ್ಕೆ ಮಾತ್ರ ಲೈನರ್ ಮತ್ತು ಪಿಸ್ಟನ್ ಬದಲಿಸಬಹುದು. ಹೊಸ ಪಿಸ್ಟನ್ನುಗಳ ತೂಕ ಹಳೆಯವುಗಳಿಗೆ ಹೊಂದಬೇಕು. ಆರನ್ನೂ ಬದಲಿಸಲೇಬೇಕೆಂಬ ಸಲಹೆ ಎಲ್ಲರಿಂದಲೂ ಬರುತ್ತದೆ. ಹಣವಿದ್ದರೆ ಅದು ಒಳ್ಳೆಯದೇ, ಆದರೆ ಅಳತೆ ಹೇಳದ ಹೊರತು ಅನಿವಾರ್ಯವಲ್ಲ.

ನನಗೆ ಹೆಚ್ಚು ಚಿಂತೆ ತರುವುದು ಆ ತಾಮ್ರದ ಬಣ್ಣ. ಮೇಲಿನ ಪದರ ಸವೆದಿದೆ ಎಂದು ಅದರ ಅರ್ಥ. ಜರ್ನಲ್ಲನ್ನು (ಬೇರಿಂಗ್ ಹಿಡಿಯುವ ಕ್ರ್ಯಾಂಕಿನ ದುಂಡು ಭಾಗ) ಮೈಕ್ರೋಮೀಟರಿನಿಂದ ಹಲವು ಕಡೆ ಅಳೆಯಿರಿ. ಗೀರಿಲ್ಲದೆ ದುಂಡಾಗಿದ್ದು ಅಳತೆ ಮಿತಿಯಲ್ಲಿದ್ದರೆ ಈಗಿರುವ ಅಳತೆಯ ಹೊಸ ಶೆಲ್ ಸಾಕು. ಗೀರು ಆಳವಾಗಿದ್ದರೆ ಕ್ರ್ಯಾಂಕನ್ನು ಗ್ರೈಂಡ್ ಮಾಡಿಸಿ 0.25 ಅಥವಾ 0.50 ಮಿ.ಮೀ. ಅಂಡರ್‌ಸೈಜ್ ಶೆಲ್ ಹಾಕಬೇಕಾಗುತ್ತದೆ, ಆಗ ಎಂಜಿನ್ ಇಳಿಸದೆ ದಾರಿಯಿಲ್ಲ. ಆದ್ದರಿಂದ ಈ ಅಳತೆ ಮುಗಿಯುವವರೆಗೆ ಯಾವ ಕಿಟ್ಟನ್ನೂ ಕೊಳ್ಳಬೇಡಿ.

ಲೈನರ್ ಕೂರಿಸುವಾಗ ಬ್ಲಾಕಿನ ಮೇಲಿನ ಅಂಚನ್ನು ತುಕ್ಕು, ಕೊಳೆ ಸ್ವಲ್ಪವೂ ಉಳಿಯದಂತೆ ಶುಚಿ ಮಾಡಿ. ಲೈನರ್ ಬ್ಲಾಕಿನ ಮೇಲ್ಮೈಗಿಂತ ತುಸು ಎತ್ತರದಲ್ಲಿ ನಿಲ್ಲಬೇಕು. ಆ ಎತ್ತರ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆಯಾದರೂ ಮಿಲಿಮೀಟರಿನ ಸಣ್ಣ ಭಾಗದಷ್ಟೇ ಆಗಿರುವುದರಿಂದ ಡಯಲ್ ಗೇಜಿಲ್ಲದೆ ತಿಳಿಯದು. ಕಡಿಮೆಯಾದರೆ ಗ್ಯಾಸ್ಕೆಟ್ ಹೋಗುತ್ತದೆ. ಚೇಂಬರ್ ಮುಚ್ಚುವ ಮುನ್ನ ಹೆಡ್ ಕಟ್ಟಿ, ನೀರು ತುಂಬಿ, ರಾತ್ರಿಯಿಡೀ ಬಿಟ್ಟು, ಕೆಳಗಿನಿಂದ ಟಾರ್ಚ್ ಹಾಕಿ ಲೈನರುಗಳ ಬುಡ ನೋಡಿ. ಓ-ರಿಂಗ್ ಸರಿಯಾಗಿ ಕೂರದಿದ್ದರೆ ಅಲ್ಲಿ ಹನಿ ಕಾಣುತ್ತದೆ, ಆಯಿಲ್ ಹಾಕುವ ಮೊದಲೇ ಗೊತ್ತಾಗಿಬಿಡುತ್ತದೆ.

ಉತ್ತರ 2 ಬರೆದವರಿಂದ ಮತ್ತೆ

ಒಂದು ಸೇರಿಕೆ. ಮೊದಲ ಬಾರಿಗೆ ಸ್ಟಾರ್ಟ್ ಮಾಡುವ ಮುನ್ನ ಟರ್ಬೊದ ಆಯಿಲ್ ದಾರಿಗೆ ಆಯಿಲ್ ತುಂಬಿ, ಡೀಸೆಲ್ ಬಂದ್ ಮಾಡಿ, ಗೇಜಿನಲ್ಲಿ ಒತ್ತಡ ಕಾಣುವವರೆಗೆ ನಡುನಡುವೆ ಬಿಡುವು ಕೊಡುತ್ತ ಸೆಲ್ಫ್ ಹೊಡೆಯಿರಿ. ಆಮೇಲೆ ಗಂಟೆಗಟ್ಟಲೆ ಐಡಲಿನಲ್ಲಿ ಬಿಡಬೇಡಿ. ಲೋಡಿಲ್ಲದೆ ಓಡಿದರೆ ಲೈನರಿನ ಗೋಡೆ ನುಣುಪಾಗಿ ರಿಂಗ್ ಕೂರುವುದೇ ಇಲ್ಲ. ಎಂಜಿನ್ ಬಿಸಿಯಾದ ಕೂಡಲೇ ಮಧ್ಯಮ ಲೋಡಿನಲ್ಲಿ ಓಡಿಸಿ, ಮೊದಲ ಆಯಿಲನ್ನು ಬೇಗ ಬದಲಿಸಿ, ಹಳೆಯ ಫಿಲ್ಟರನ್ನು ಕತ್ತರಿಸಿ ಅದರ ಮಡಿಕೆಗಳಲ್ಲಿ ಲೋಹದ ಚೂರುಗಳಿವೆಯೇ ನೋಡಿ.