ಪದ ಬೇಕು: ಮಲೇರಿಯಾ ಬರುವ ಮೊದಲೇ ನುಂಗುವ ಮಾತ್ರೆಗೆ ಏನನ್ನಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರ ಇದೆ. ಬಿಸಿಲುನಾಡಿನ ದ್ವೀಪಗಳಿಗೆ ರಜೆಗೆ ಹೋಗುವವರಿಗಾಗಿ ಒಂದು ಆರೋಗ್ಯದ ಕೈಪತ್ರ ಅನುವಾದ ಮಾಡುತ್ತಿದ್ದೇನೆ, ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಹೆಪಟೈಟಿಸ್ ಎ, ಟೈಫಾಯ್ಡ್, ಹಳದಿ ಜ್ವರ ಇವುಗಳಿಗೆಲ್ಲ ಲಸಿಕೆ ಅಂತಲೇ ಹಾಕಿದ್ದೇನೆ. ಧನುರ್ವಾಯುವಿಗೆ 10 ವರ್ಷಕ್ಕೊಮ್ಮೆ ಬೂಸ್ಟರ್ ಡೋಸ್, ಅದೂ ಸರಿ. ಸೊಳ್ಳೆ ನಿವಾರಕ, ಸೊಳ್ಳೆ ಪರದೆ, ಓಆರ್‌ಎಸ್ ಯಾವುದಕ್ಕೂ ತೊಂದರೆ ಆಗಲಿಲ್ಲ.

ಸಿಕ್ಕಿಹಾಕಿಕೊಂಡಿರುವುದು ಪ್ರೊಫಿಲ್ಯಾಕ್ಸಿಸ್ ಅನ್ನುವಲ್ಲಿ. ಜಾಂಜಿಬಾರ್, ಸಾಲೊಮನ್ ದ್ವೀಪಗಳಂಥ ಕಡೆ ಹೋಗುವವರು ಮಲೇರಿಯಾ ಬಾರದಿರಲಿ ಅಂತ ಮೊದಲೇ ನುಂಗುವ ಮಾತ್ರೆ ಇದು. ಲಸಿಕೆ ಅಲ್ಲ, ಚಿಕಿತ್ಸೆಯೂ ಅಲ್ಲ. ಮೊದಲು "ಮಲೇರಿಯಾ ಮಾತ್ರೆ" ಅಂತ ಬರೆದಿದ್ದೆ. ಓದಿ ನೋಡಿ ಅಂತ ಕೊಟ್ಟವರೊಬ್ಬರು, "ಬ್ಯಾಗಲ್ಲಿ ಇಟ್ಕೊಂಡಿದ್ದು ಜ್ವರ ಬಂದ್ರೆ ತಗೋಬೇಕು, ಅಲ್ವಾ?" ಅಂದರು. ಅಲ್ಲಿಗೆ ಆ ಪದ ಕೆಟ್ಟಿತು. ಒಂದೇ ಪದ ಬೇಕು, ತಲೆಬರಹದಲ್ಲಿ ಹಿಡಿಸಬೇಕು.

ಉತ್ತರ 1

ರೋಗನಿರೋಧಕ ಮಾತ್ರೆ. ನಿಘಂಟಿನಲ್ಲಿ ಇದೆ, ಎಲ್ಲರಿಗೂ ಅರ್ಥ ಆಗುತ್ತದೆ. ಇದಕ್ಕೆ ಚರ್ಚೆ ಯಾಕೆ?

ಉತ್ತರ 2

ಚರ್ಚೆ ಯಾಕೆ ಅಂದರೆ ಅದು ತಪ್ಪು ಅದಕ್ಕೆ. ರೋಗನಿರೋಧಕ ಅಂದ ಕೂಡಲೇ ಓದುವವನ ಮನಸ್ಸು "ಶಕ್ತಿ" ಅನ್ನುವ ಪದವನ್ನು ತಾನೇ ಸೇರಿಸಿಕೊಳ್ಳುತ್ತದೆ. ಈ ಮಾತ್ರೆ ಮೈಯಲ್ಲಿ ಯಾವ ಶಕ್ತಿಯನ್ನೂ ಬೆಳೆಸುವುದಿಲ್ಲ. ರಕ್ತದಲ್ಲಿ ಔಷಧ ಇರುವಷ್ಟು ದಿನ ಕೆಲಸ, ನಿಲ್ಲಿಸಿದರೆ ಮುಗೀತು. ಇನ್ನು ಬರೀ ನಿರೋಧಕ ಮಾತ್ರೆ ಅಂದರೆ ಗರ್ಭನಿರೋಧಕ ಅಂತ ಓದಿಕೊಳ್ಳುವವರೇ ಜಾಸ್ತಿ. ಪ್ರವಾಸಕ್ಕೆ ಹೊರಟ ಗಂಡ ಹೆಂಡತಿ ಕೈಯಲ್ಲಿ ಆ ಚೀಟಿ ಇದ್ದರೆ ಏನು ಅಂದುಕೊಳ್ಳುತ್ತಾರೆ ಅಂತ ಯೋಚಿಸಿ.

ನನ್ನ ಸಲಹೆ: ಮುಂಮದ್ದು. ಅಚ್ಚಗನ್ನಡ. ಮುಂಚೆ ತಗೊಳ್ಳುವ ಮದ್ದು.

ಹಾಗೆಯೇ ಲಸಿಕೆಯನ್ನೂ ತೆಗೆಯಿರಿ. ಸಂಸ್ಕೃತದಲ್ಲಿ ಲಸೀಕಾ ಅಂದರೆ ಮೈಯೊಳಗಿನ ನೀರಿನಂಥ ದ್ರವ. ಸಿಡುಬಿನ ಕಾಲದಲ್ಲಿ ಕರುವಿನ ಮೈಯ ಗುಳ್ಳೆಯಿಂದ ರಸ ತೆಗೆದು ಚುಚ್ಚುತ್ತಿದ್ದರು, ಆಗ ಅದು ಹೊಂದುತ್ತಿತ್ತು. ಟೈಫಾಯ್ಡ್ ಲಸಿಕೆಯಲ್ಲಿ ಯಾವ ರಸ ಇದೆ? ಚುಚ್ಚುಮದ್ದು ಅನ್ನುವ ಒಳ್ಳೆಯ ಪದ ನಮ್ಮಲ್ಲಿದೆ.

ಉತ್ತರ 3

ಮುಂಮದ್ದು ಬೇಡ. ಜೋರಾಗಿ ಒಮ್ಮೆ ಹೇಳಿ ನೋಡಿ, ಮುಮ್ಮದ್ದು ಆಗುತ್ತದೆ. ಇಮ್ಮಡಿ ಮುಮ್ಮಡಿ ಕೇಳಿದ ಕಿವಿಗೆ ಅದು ಮೂರು ಮದ್ದು. ದಿನಕ್ಕೊಂದು ಮಾತ್ರೆ ನುಂಗಬೇಕಾದವನು ಮೂರು ನುಂಗಿಯಾನು.

ಚುಚ್ಚುಮದ್ದು ಕೂಡ ಇಲ್ಲಿ ನಡೆಯಲ್ಲ. ಟೈಫಾಯ್ಡ್‌ಗೆ ನುಂಗುವ ಲಸಿಕೆಯೂ ಬಂದಿತ್ತು, ಪೋಲಿಯೋ ಹನಿ ಬಾಯಿಗೇ ಹಾಕುವುದು. ಎಲ್ಲಿ ಚುಚ್ಚಿದರು? ಇನ್ನೊಂದು ಕಡೆ, ನೋವಿಗೆ ಕೊಡುವ ಇಂಜೆಕ್ಷನ್ ಕೂಡ ಚುಚ್ಚುಮದ್ದೇ. ಮೂಲ ನೋಡಿ ಪದ ತೆಗೆಯುವುದಾದರೆ ವ್ಯಾಕ್ಸಿನ್ ಕೂಡ ಹೋಗಬೇಕು, ಅದರ ಮೂಲ ಲ್ಯಾಟಿನ್ನಿನ ಹಸು. 1796ರಲ್ಲಿ ಜೆನ್ನರ್ ಹಸುವಿನ ಸಿಡುಬಿನಿಂದ ಶುರು ಮಾಡಿದ, ಹೆಸರು ಉಳಿಯಿತು. ಪದದ ಬೇರು ಬೇರೆ, ಬಳಕೆ ಬೇರೆ.

ಮುಂಜಾಗ್ರತಾ ಮಾತ್ರೆ ಅಂತ ಇನ್ನೊಬ್ಬರು ಬರೆಯುವ ಮೊದಲೇ ಹೇಳುತ್ತೇನೆ, ಅದು ಅರಿಸಮಾಸ, ಅಂದರೆ ಹೊಂದದ ಎರಡು ಭಾಷೆಯ ಪದಗಳ ಜೋಡಣೆ. ಕನ್ನಡದ ಮುನ್, ಸಂಸ್ಕೃತದ ಜಾಗ್ರತಾ. ಸರ್ಕಾರಿ ಸುತ್ತೋಲೆಗೆ ಸಾಕು, ನಮಗೆ ಬೇಡ. ತಡೆಮದ್ದು ಅನ್ನಿ, ಮುಗಿಯಿತು.

ಉತ್ತರ 4

ನಾನು ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವಳು. ವ್ಯಾಕರಣದ ಜಗಳ ನೀವು ಮಾಡಿಕೊಳ್ಳಿ, ಆದರೆ ಪದ ಆರಿಸುವ ಮೊದಲು ಈ ಮಾತ್ರೆ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿರಲಿ, ಯಾಕಂದರೆ "ಮುನ್" ಅನ್ನುವ ಅಕ್ಷರವೇ ಇಲ್ಲಿ ದೊಡ್ಡ ಅಪಾಯ.

ಸೊಳ್ಳೆ ಕಚ್ಚಿದಾಗ ಮಲೇರಿಯಾದ ಪರಾವಲಂಬಿ ನೇರ ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಕೆಲವು ದಿನ ಸದ್ದಿಲ್ಲದೆ ಬೆಳೆದು ಆಮೇಲೆ ರಕ್ತಕ್ಕೆ ಬರುತ್ತದೆ. ಡಾಕ್ಸಿಸೈಕ್ಲಿನ್ ಅನ್ನುವ ಮಾತ್ರೆ ಅದನ್ನು ಹಿಡಿಯುವುದು ರಕ್ತಕ್ಕೆ ಬಂದ ಮೇಲೆ. ಹಾಗಾಗಿ ಹೊರಡುವ 1-2 ದಿನ ಮೊದಲು ಶುರು ಮಾಡಿ, ದ್ವೀಪದಲ್ಲಿ ಇರುವಷ್ಟು ದಿನ ದಿನಕ್ಕೊಂದು ನುಂಗಿ, ಆ ಜಾಗ ಬಿಟ್ಟ ಮೇಲೂ 4 ವಾರ ನುಂಗಬೇಕು. ಮೆಫ್ಲೋಕ್ವಿನ್ ಅನ್ನುವ ಇನ್ನೊಂದು ಮಾತ್ರೆ ವಾರಕ್ಕೊಂದು, ಕನಿಷ್ಠ 2 ವಾರ ಮೊದಲೇ ಶುರು, ಬಿಟ್ಟ ಮೇಲೆ ಅದೂ 4 ವಾರ. ಮೂರನೆಯದು ಅಟೊವಾಕ್ವೋನ್-ಪ್ರೊಗ್ವಾನಿಲ್, ಅದು ಯಕೃತ್ತಿನಲ್ಲೇ ಹಿಡಿಯುತ್ತದೆ, ಅದಕ್ಕೇ ಬಿಟ್ಟ ಮೇಲೆ 7 ದಿನ ಸಾಕು.

ಅಂದರೆ ಮೊದಲು, ಅಲ್ಲಿ, ಆಮೇಲೆ, ಮೂರು ಹೊತ್ತಿನಲ್ಲೂ ಮಾತ್ರೆ ಇದೆ. ಮುಂಮದ್ದು, ಮುನ್ನೆಚ್ಚರಿಕೆ ಮಾತ್ರೆ ಅಂತೆಲ್ಲ ಬರೆದರೆ ಜನ ಏನು ಮಾಡುತ್ತಾರೆ? ಮನೆಗೆ ಬಂದಾಯ್ತು, ಇನ್ನೇನು ಮುನ್ನೆಚ್ಚರಿಕೆ ಅಂತ ಅರ್ಧ ಸ್ಟ್ರಿಪ್ ಡ್ರಾಯರಿಗೆ ಹಾಕುತ್ತಾರೆ. ಕೌಂಟರಿನಲ್ಲಿ ಇದನ್ನೇ ನೋಡುತ್ತೇನೆ. "ಆಮೇಲೂ ನುಂಗಬೇಕು" ಅಂತ ಹೇಳಿದರೆ ಅವರಿಗೆ ನಂಬಿಕೆಯೇ ಬರುವುದಿಲ್ಲ. ಪದದಲ್ಲಿ ಕಾಲ ಬೇಡ, ಕೆಲಸ ಇರಲಿ. ತಡೆ ಸರಿಯಾದ ಪದ.

ಮದ್ದು ಮಾತ್ರ ಬೇಡ, ಮಾತ್ರೆ ಇರಲಿ. ನುಂಗುವುದು ಅಂತ ಅದರಲ್ಲೇ ಗೊತ್ತಾಗುತ್ತದೆ. ಮಲೇರಿಯಾ ಅಂತ ಹೆಸರು ಹಿಡಿದೇ ಹೇಳಿ. ಜ್ವರತಡೆ ಮಾತ್ರೆ ಅಂದರೆ ಡೆಂಗ್ಯೂಗೂ ಆಯ್ತು ಅಂದುಕೊಳ್ಳುತ್ತಾರೆ, ಡೆಂಗ್ಯೂಗೆ ಇಂಥ ಮಾತ್ರೆ ಇಲ್ಲ. ಮಲೇರಿಯಾ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನ ತನಕ, ಡೆಂಗ್ಯೂ ಸೊಳ್ಳೆ ಹಗಲಲ್ಲಿ. ಮಾತ್ರೆ ನುಂಗಿದ್ದೇನೆ ಅಂತ ಹಗಲು ಸಮುದ್ರ ತೀರದಲ್ಲಿ ನಿವಾರಕ ಹಚ್ಚದೆ ಕೂತರೆ ಕಷ್ಟ.

ಉತ್ತರ 1

ತಡೆಮಾತ್ರೆ ಅರಿಸಮಾಸ ಅಲ್ಲವೇ? ಮೇಲೆ ಒಬ್ಬರು ಅದನ್ನೇ ಬೈದರು.

ಉತ್ತರ 3

ಅಲ್ಲ. ಮಾತ್ರಾ ಕನ್ನಡಕ್ಕೆ ಬಂದು ಮಾತ್ರೆ ಆಗಿದೆ, ಮಾಲಾ ಮಾಲೆ ಆದ ಹಾಗೆ. ತದ್ಭವದ ಜೊತೆ ಕನ್ನಡ ಪದ ಸೇರಬಹುದು. ಶಾಲೆಯ ವ್ಯಾಕರಣ ಇದು.

ಉತ್ತರ 5

ಇಷ್ಟೆಲ್ಲ ಯಾಕೆ? ಪ್ರೊಫಿಲ್ಯಾಕ್ಸಿಸ್ ಅಂತ ಕನ್ನಡ ಲಿಪಿಯಲ್ಲಿ ಬರೆದು ಬಿಡಿ. ಬೂಸ್ಟರ್ ಆಗುತ್ತದೆ, ಓಆರ್‌ಎಸ್ ಆಗುತ್ತದೆ, ಇದೊಂದು ಯಾಕಾಗಬಾರದು? ವೈದ್ಯರು ಹೇಳುವ ಪದವೇ ಚೀಟಿಯಲ್ಲೂ ಇದ್ದರೆ ಗೊಂದಲ ಇರುವುದಿಲ್ಲ. ಕನ್ನಡ ಸಾಲ ತಂದೇ ಬೆಳೆದ ಭಾಷೆ. ಮೈಲಿಗೆ ನೋಡುತ್ತಾ ಕೂತರೆ ಔಷಧ ಅನ್ನುವ ಪದವೂ ಉಳಿಯುವುದಿಲ್ಲ.

ಉತ್ತರ 4

ಸಾಲ ತರುವುದಕ್ಕೆ ನನ್ನ ತಕರಾರಿಲ್ಲ. ಆದರೆ ಬೂಸ್ಟರ್ ಅನ್ನು ಜನರೇ ತಂದಿದ್ದು. "ಬೂಸ್ಟರ್ ಆಯ್ತಾ?" ಅಂತ ಅವರೇ ಕೇಳುತ್ತಾರೆ. ಪ್ರೊಫಿಲ್ಯಾಕ್ಸಿಸ್ ಕೊಡಿ ಅಂತ ಒಬ್ಬರೂ ನನ್ನನ್ನು ಕೇಳಿಲ್ಲ, "ಮಲೇರಿಯಾ ಬರದ ಹಾಗೆ ತಗೊಳ್ತಾರಲ್ಲ, ಆ ಮಾತ್ರೆ" ಅಂತ ಕೇಳುತ್ತಾರೆ. ಬಾಯಲ್ಲಿ ಇಲ್ಲದ ಪದವನ್ನು ಎಚ್ಚರಿಕೆಯ ಚೀಟಿಯಲ್ಲಿ ಹಾಕಿದರೆ ಜನ ಅದನ್ನು ದಾಟಿ ಮುಂದಿನ ಸಾಲಿಗೆ ಹೋಗುತ್ತಾರೆ.

ಉತ್ತರ 2

ಹಾಗಾದರೆ ಲಸಿಕೆಯ ಬಗ್ಗೆ ಯಾರೂ ಸರಿಯಾದ ಉತ್ತರ ಕೊಡಲಿಲ್ಲ. ಜನರ ಬಾಯಲ್ಲಿ ಇರುವುದೇ ಅಳತೆ ಅಂದರೆ "ಇಂಜೆಕ್ಷನ್ ಹಾಕಿಸ್ಕೊಂಡೆ" ಅನ್ನುವವರೇ ಜಾಸ್ತಿ. ಸಂಸ್ಕೃತದ ಸಾಲ ಕಣ್ಣಿಗೆ ಕಾಣುವುದಿಲ್ಲ, ಇಂಗ್ಲಿಷಿನದ್ದು ಮಾತ್ರ ಚುಚ್ಚುತ್ತದೆ, ಇದು ಯಾವ ನ್ಯಾಯ? ಈ ಪ್ರಶ್ನೆ ಬಿಡುವುದಿಲ್ಲ, ಬೇರೆ ಎಳೆ ತೆರೆಯುತ್ತೇನೆ.

ಉತ್ತರ 3

ತೆರೆಯಿರಿ. ಅಲ್ಲಿಗೆ ಬರುತ್ತೇನೆ.

ಕೇಳಿದವರಿಂದ

ಎಲ್ಲರಿಗೂ ಧನ್ಯವಾದ, ಮೇಡಂಗೆ ವಿಶೇಷವಾಗಿ. "ಮಲೇರಿಯಾ ತಡೆಮಾತ್ರೆ" ಅಂತ ತಲೆಬರಹ ಹಾಕಿದೆ. ಅದರ ಕೆಳಗೆ ದಪ್ಪಕ್ಷರದಲ್ಲಿ ಹೀಗೆ ಬರೆದಿದ್ದೇನೆ:

"ಇದು ಲಸಿಕೆ ಅಲ್ಲ, ಜ್ವರ ಬಂದ ಮೇಲೆ ನುಂಗುವ ಮಾತ್ರೆಯೂ ಅಲ್ಲ. ಹೊರಡುವ ಮೊದಲು ಶುರು ಮಾಡಿ. ವಾಪಸ್ ಬಂದ ಮೇಲೂ ವೈದ್ಯರು ಹೇಳಿದಷ್ಟು ದಿನ ಬಿಡದೆ ನುಂಗಿ. ಪ್ರವಾಸದಲ್ಲಾಗಲಿ, ಬಂದ ಮೇಲಾಗಲಿ ಜ್ವರ ಕಂಡರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ, ಎಲ್ಲಿಗೆ ಹೋಗಿದ್ದಿರಿ ಅಂತ ವೈದ್ಯರಿಗೆ ಹೇಳಿ."

ಇನ್ನೊಂದು ಚಿಕ್ಕದು. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ 10 ದಿನದ ಮೇಲೆ ಅದರ ಪ್ರಮಾಣಪತ್ರ ಊರ್ಜಿತ ಆಗುತ್ತದೆ, 2016ರಿಂದ ಜೀವಮಾನವಿಡೀ ನಡೆಯುತ್ತದೆ. "ಊರ್ಜಿತ" ಯಾಕೋ ಕೋರ್ಟಿನ ಭಾಷೆ ಅನ್ನಿಸುತ್ತಿದೆ. "10 ದಿನದ ನಂತರವೇ ಲೆಕ್ಕಕ್ಕೆ ಬರುತ್ತದೆ" ಅಂದರೆ ಸಾಕಾ?

ಉತ್ತರ 4

ಸಾಕು. "ಅದಕ್ಕೆ ಮೊದಲು ತೋರಿಸಿದರೆ ಒಪ್ಪುವುದಿಲ್ಲ" ಅಂತಲೂ ಸೇರಿಸಿ. ಟಿಕೆಟ್ ತೆಗೆದ ಮೇಲೆ ಲಸಿಕೆ ನೆನಪಾಗುವವರೇ ಹೆಚ್ಚು.