ಪಶ್ಚಿಮಕ್ಕೆ ಮುಖ ಮಾಡಿದ ಮನೆಗೆ ಯಾವ ಬಾಗಿಲು ಹಾಕಿಸಬೇಕು?

ಪ್ರಶ್ನೆ (ಕುಂದಾಪುರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಕಡಲಿನಿಂದ ಸುಮಾರು ಎರಡು ಕಿಲೋಮೀಟರ್ ಒಳಗೆ ನಾವು 1,400 ಚದರ ಅಡಿಯ ಮನೆ ಕಟ್ಟಿಸುತ್ತಿದ್ದೇವೆ. ಪಾಯದ ಕೆಲಸ ಮುಗಿದಿದ್ದು, ದಾರಂದ (ಬಾಗಿಲಿನ ಚೌಕಟ್ಟು) ಇಡುವ ಮುಹೂರ್ತಕ್ಕೆ ಇನ್ನು ಮೂರು ವಾರ ಉಳಿದಿದೆ. ಮುಂಬಾಗಿಲು ಪಶ್ಚಿಮಕ್ಕೆ, ಹಿತ್ತಲ ಬಾಗಿಲು ಪೂರ್ವಕ್ಕೆ ಬರುತ್ತದೆ. ಮಲಗುವ ಕೋಣೆಗಳಿಗೆ ಮೂರು, ದೇವರ ಕೋಣೆಗೆ ಒಂದು, ಬಚ್ಚಲುಮನೆಗಳಿಗೆ ಎರಡು, ಹೀಗೆ ಒಟ್ಟು ಎಂಟು ಬಾಗಿಲುಗಳು ಬೇಕು.

ನಮ್ಮ ಹಳೆಯ ಮನೆಯ ಹಲಸಿನ ಬಾಗಿಲು ಜೂನ್ ಎರಡನೆಯ ವಾರದಿಂದ ಉಬ್ಬತೊಡಗಿ, ಭುಜ ಕೊಟ್ಟು ದೂಡದೆ ತೆರೆಯುತ್ತಿರಲಿಲ್ಲ. ಆಚಾರ್ರು ಬಂದು ಕೀಸುಳಿ ಹಾಕಿ ಅಂಚು ಹೆರೆದು ಹೋಗುತ್ತಿದ್ದರು. ದೀಪಾವಳಿಯ ಹೊತ್ತಿಗೆ ಅದೇ ಬಾಗಿಲು ಸಡಿಲವಾಗಿ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಕೊನೆಕೊನೆಗೆ ಸಂದಿನಲ್ಲಿ ಬೆರಳು ತೂರುವಷ್ಟು ಜಾಗವಾಗಿತ್ತು. ಆ ಅನುಭವ ಮರುಕಳಿಸಬಾರದು ಎಂಬುದು ನನ್ನ ಆಸೆ.

ಎಲ್ಲ ಬಾಗಿಲುಗಳನ್ನೂ ಡಬ್ಲ್ಯುಪಿಸಿಯಲ್ಲೇ (ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆ) ಮುಗಿಸೋಣ ಎಂದು ಗುತ್ತಿಗೆದಾರರು ಹೇಳುತ್ತಾರೆ. ಮುಂಬಾಗಿಲಿಗೆ ಸಾಗುವಾನಿ, ಒಳಗೆ ಫ್ಲಶ್ ಡೋರ್ (ಎರಡೂ ಬದಿಗೆ ತೆಳು ಹಾಳೆ ಅಂಟಿಸಿದ ಸಪಾಟು ಬಾಗಿಲು) ಎಂಬುದು ಆಚಾರ್ರ ಅಭಿಪ್ರಾಯ. ಬೆಂಗಳೂರಿನಲ್ಲಿರುವ ಭಾವ ಉಕ್ಕಿನ ಬಾಗಿಲೇ ಸರಿ ಎನ್ನುತ್ತಾರೆ. 78 ವರ್ಷದ ನನ್ನ ತಾಯಿ ವಾಕರ್ ಹಿಡಿದು ನಡೆಯುತ್ತಾರೆ ಎಂಬುದನ್ನೂ ಗಮನದಲ್ಲಿಟ್ಟುಕೊಂಡು, ಬಲ್ಲವರು ಸಲಹೆ ನೀಡಬೇಕಾಗಿ ವಿನಂತಿ.

ಉತ್ತರ 1 (ನಿವೃತ್ತ ಸಿವಿಲ್ ಎಂಜಿನಿಯರ್, ಉಡುಪಿ)

ಯಾವ ಮರ ಎಂದು ಕೇಳುವ ಮೊದಲು, ಪ್ರತಿಯೊಂದು ಬಾಗಿಲಿಗೂ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಕೇಳಿಕೊಳ್ಳಿ. ನಮ್ಮ ಮಳೆಗಾಳಿ ಬೀಸುವುದು ನೈಋತ್ಯದಿಂದಾದ್ದರಿಂದ ನಿಮ್ಮ ಮುಂಬಾಗಿಲಿಗೆ ಇರಚಲು ನೇರವಾಗಿ ಹೊಡೆಯುತ್ತದೆ. ಹಿತ್ತಲ ಬಾಗಿಲಿಗೆ ಅಷ್ಟು ತೊಂದರೆಯಿಲ್ಲ. ಎರಡು ಅಡಿಯ ಛಜ್ಜಾ ಆ ಮಳೆಯನ್ನು ತಡೆಯುವುದಿಲ್ಲ. ಮುಂದೆ ಐದಾರು ಅಡಿಯ ಜಗಲಿಯನ್ನು ಬಿಟ್ಟು ಮಾಡನ್ನು (ಸೂರನ್ನು) ಇಳಿಸಿದರೆ ಸಾಧಾರಣ ಮರವೂ ಬಾಳುತ್ತದೆ, ಅದಿಲ್ಲದಿದ್ದರೆ ದುಬಾರಿ ಮರವೂ ಸೋಲುತ್ತದೆ.

ನಿಮ್ಮ ಹಳೆಯ ಬಾಗಿಲು ಉಬ್ಬಿದ್ದರಲ್ಲಿ ಹಲಸಿನ ತಪ್ಪು ಕಡಿಮೆ. ತೇವ ಹೀರಿದ ಮರ ತನ್ನ ನಾರಿನ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ, ಅಡ್ಡಕ್ಕೆ ಬೆಳೆಯುತ್ತದೆ. ಹಲಗೆಗಳನ್ನು ಒತ್ತಾಗಿ ಜೋಡಿಸಿ ಹಿಂದೆ ಪಟ್ಟಿ ಹೊಡೆದ ಕದದಲ್ಲಿ ಮೂರು ಅಡಿಯ ಅಗಲವೂ ಒಟ್ಟಾಗಿ ಹಿಗ್ಗುತ್ತದೆ. ನಿಮ್ಮದೂ ಅಂಥದ್ದೇ ಇದ್ದಿರಬೇಕು. ಪ್ಯಾನೆಲ್ ಕದದಲ್ಲಾದರೋ, ನಡುವಿನ ಹಲಗೆಯು ಸುತ್ತಲಿನ ಚೌಕಟ್ಟಿನ ಗಾಡಿಯೊಳಗೆ (ಕೊರೆದ ಸೀಳಿನೊಳಗೆ) ಸಡಿಲವಾಗಿ ಕುಳಿತು ಅಲ್ಲೇ ಹಿಗ್ಗಿ ಕುಗ್ಗುವುದರಿಂದ, ಕದದ ಒಟ್ಟು ಅಗಲ ಬಹಳ ಬದಲಾಗುವುದಿಲ್ಲ. ಆದ್ದರಿಂದ ಆ ಹಲಗೆಗಳಿಗೆ ಅಂಟು ಹಾಕಬಾರದೆಂದು ಆಚಾರ್ರಿಗೆ ಮೊದಲೇ ತಿಳಿಸಿ.

ಇನ್ನೊಂದು ವಿಷಯವನ್ನು ನಾನು ಹೋದ ಮನೆಗಳಲ್ಲೆಲ್ಲ ಹೇಳುತ್ತಲೇ ಇರುತ್ತೇನೆ. ಕದಕ್ಕೆ ಆರು ಮುಖಗಳಿವೆ, ಆದರೆ ಪಾಲಿಷ್ ಮಾಡುವವರು ನಾಲ್ಕಕ್ಕೆ ಮಾತ್ರ ಹಚ್ಚುತ್ತಾರೆ. ನಿಮ್ಮ ಈಗಿನ ಮನೆಯ ಯಾವುದಾದರೂ ಬಾಗಿಲಿನ ಕೆಳಗೆ ಸಣ್ಣ ಕನ್ನಡಿಯನ್ನು ತೂರಿಸಿ ನೋಡಿ, ಬೋಳು ಮರ ಕಾಣಿಸಿದರೆ ಆಶ್ಚರ್ಯಪಡಬೇಡಿ. ಅಕ್ಕಪಕ್ಕದ ನಿಂತ ಪಟ್ಟಿಗಳ ಎಳೆಯ ತುದಿಗಳು ತೆರೆದುಕೊಂಡಿರುವುದು ಅಲ್ಲಿಯೇ, ನೆಲ ಒರೆಸುವ ನೀರನ್ನು ಸ್ಪಂಜಿನಂತೆ ಹೀರುವುದೂ ಅಲ್ಲಿಂದಲೇ. ಕದವನ್ನು ತಿರುಗಣೆಗೆ (ಹಿಂಜಿಗೆ) ಏರಿಸುವ ಮೊದಲೇ ಮೇಲಂಚು, ಕೆಳಅಂಚುಗಳಿಗೆ ಎರಡು ಸಲ ಬಣ್ಣವನ್ನೋ ಪಾಲಿಷನ್ನೋ ಹಚ್ಚಿಸಿ.

ಉತ್ತರ 2 (ಮರಗೆಲಸದ ಮನೆತನ, ಶಿರಸಿ)

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಮರದ ಬಗ್ಗೆ ಕೆಲವು ಮಾತು ಸೇರಿಸುತ್ತೇನೆ. ಸಾಗುವಾನಿ ಎಂಬ ಹೆಸರಿಗೇ ಹಣ ಕೊಡಬೇಡಿ. ಮ್ಯಾನ್ಮಾರ್ 2014ರ ಏಪ್ರಿಲ್ 1ರಿಂದ ದಿಮ್ಮಿಗಳ ರಫ್ತನ್ನು ನಿಲ್ಲಿಸಿದ ಮೇಲೆ, ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ನೆಡುತೋಪುಗಳ ಸಾಗುವಾನಿಯೇ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಅದು ಕೆಟ್ಟದ್ದೆಂದಲ್ಲ. ಆದರೆ ಎಳೆಯ ಮರದಲ್ಲಿ ಕೆಚ್ಚಿನ (ನಡುವಿನ ಗಟ್ಟಿ ಭಾಗದ) ಸುತ್ತಲಿನ ಬಿಳಿ ಭಾಗ ಹೆಚ್ಚಿರುತ್ತದೆ, ಹುಳು ಮೊದಲು ಹಿಡಿಯುವುದು ಆ ಬಿಳಿಯನ್ನೇ. ಬಣ್ಣ ಬಳಿದ ತುಂಡನ್ನು ಕೊಳ್ಳದೆ, ಕೊಯ್ದ ಮೈಯನ್ನು ಕಣ್ಣಾರೆ ನೋಡಿ ಕೆಚ್ಚನ್ನು ಆರಿಸಿಕೊಳ್ಳಿ. ದಾಂಡೇಲಿಯಂಥ ಅರಣ್ಯ ಇಲಾಖೆಯ ಡಿಪೋಗಳಲ್ಲಿ ಹರಾಜಾದ ಮರಕ್ಕೆ ಕಾಗದಪತ್ರಗಳೂ ಇರುತ್ತವೆ.

ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲದ ದಾರಂದಕ್ಕೆ 5 ಅಂಗುಲ ಅಗಲ, 3 ಅಂಗುಲ ದಪ್ಪದ ಮರ ಹಾಕಿದರೆ, ಹೊಸ್ತಿಲೂ ಸೇರಿ 21 ಅಡಿ ಉದ್ದ, ಅಂದರೆ ಸುಮಾರು 2.2 ಘನ ಅಡಿ ಬೇಕಾಗುತ್ತದೆ. ಮುಂಬಾಗಿಲಿನ ದಾರಂದಕ್ಕೆ ಸಾಗುವಾನಿಯ ಬದಲು ಕಿರಾಲಬೋಗಿಯನ್ನೋ ಹೆಬ್ಬಲಸನ್ನೋ ಬಳಸಿ, ಉಳಿದ ಹಣವನ್ನು ಕದಕ್ಕೆ ಹಾಕುವುದು ನನ್ನ ಮಟ್ಟಿಗೆ ಜಾಣತನ.

ಅಂದ ಹಾಗೆ, ಆ ಹಳೆಯ ಹಲಸಿನ ಕದವನ್ನು ಏನು ಮಾಡಿದಿರಿ? ಅಷ್ಟು ವರ್ಷ ಒಣಗಿ ಹದವಾದ ಮರ ಇಂದು ದುಡ್ಡು ಕೊಟ್ಟರೂ ಸುಲಭವಾಗಿ ಸಿಗುವುದಿಲ್ಲ. ಮೊಳೆಗಳನ್ನು ಕಿತ್ತು ಕೊಯ್ಸಿದರೆ ದೇವರ ಕೋಣೆಯ ಪುಟ್ಟ ಕದ ಅದರಲ್ಲೇ ಆಗುತ್ತದೆ.

ಮಲಗುವ ಕೋಣೆಗಳಿಗೆ ಫ್ಲಶ್ ಡೋರ್ ಸಾಕು. ಐಎಸ್ 2202 (ಫ್ಲಶ್ ಡೋರ್‌ಗಳ ಭಾರತೀಯ ಮಾನಕ) ಗುರುತು ಇರುವ, 32 ಅಥವಾ 35 ಮಿಲಿಮೀಟರ್ ದಪ್ಪದ್ದನ್ನು, ನೀರು ತಾಳುವ ಫಿನಾಲಿಕ್ ಅಂಟು ಬಳಸಿದ್ದನ್ನೇ ಕೇಳಿ. ಅಂಗಡಿಯವರಿಂದ ಕೊಯ್ದುಳಿದ ಒಂದು ತುಂಡನ್ನು ತಂದು ಕೆಲವು ಗಂಟೆ ನೀರಿನಲ್ಲಿ ಕುದಿಸಿದರೆ, ಕಳಪೆ ಅಂಟಿನದ್ದು ಪದರಪದರವಾಗಿ ಬಿಟ್ಟುಕೊಳ್ಳುತ್ತದೆ. ಅಳತೆಗೆ ತಕ್ಕಂತೆಯೇ ಮಾಡಿಸಿಕೊಳ್ಳಿ. ಅಂಚಿನ ಗಟ್ಟಿಮರದ ಪಟ್ಟಿ ತೆಳ್ಳಗಿರುವುದರಿಂದ, ದೊಡ್ಡದನ್ನು ತಂದು ಕೊಯ್ದರೆ ಒಳಗಿನ ತುಂಬುಮರ ಬಯಲಾಗುತ್ತದೆ.

ಉತ್ತರ 3 (ಸುರತ್ಕಲ್)

ಉಕ್ಕಿನ ಬಾಗಿಲಿನ ಬಗ್ಗೆ ನನ್ನ ಅನುಭವವನ್ನು ಹೇಳುತ್ತೇನೆ. ನಮ್ಮ ಮನೆಯದಕ್ಕೆ ಸತುವಿನ ಲೇಪವಿತ್ತು, ಮೇಲೆ ಮರದ ಎಳೆಯ ಚಿತ್ರವೂ ಇತ್ತು. ಜೋಡಿಸಲು ಬಂದವರು ಮೇಲೊಂದು, ಕೆಳಗೊಂದು ಚಿಲಕಕ್ಕಾಗಿ ಡ್ರಿಲ್ ಮಾಡಿದ ತೂತುಗಳನ್ನು ಹಾಗೆಯೇ ಬಿಟ್ಟರು. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಕೆಳಗಿನ ಚಿಲಕದ ಸುತ್ತ ಬಣ್ಣ ಗುಳ್ಳೆಯೆದ್ದು, ಬೆರಳಿನಲ್ಲಿ ಒತ್ತಿದರೆ ತುಕ್ಕಿನ ಚಕ್ಕೆ ಉದುರುತ್ತಿತ್ತು. ಕಳ್ಳಕಾಕರ ಭಯಕ್ಕೆ ಅದು ಒಳ್ಳೆಯದೇ, ಆದರೆ ಕಡಲಿಗೆ ಎರಡು ಕಿಲೋಮೀಟರಿನೊಳಗೆ ನಾನು ಮತ್ತೆ ಹಾಕಿಸಲಾರೆ. ಮರದ ಬಾಗಿಲಿಗೂ ತಿರುಗಣೆ, ಸ್ಕ್ರೂಗಳನ್ನು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲೇ ತೆಗೆದುಕೊಳ್ಳಿ. ಮಾಲಿಬ್ಡಿನಮ್ ಸೇರಿರುವುದರಿಂದ ಉಪ್ಪುಗಾಳಿಯನ್ನು ಅದು ಸಾಮಾನ್ಯ 304 ದರ್ಜೆಗಿಂತ ಚೆನ್ನಾಗಿ ತಾಳುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಹಲಸಿನ ಕದ ಕೊಟ್ಟಿಗೆಯ ಅಟ್ಟದಲ್ಲಿ ಇದೆ. ನಾಳೆಯೇ ಇಳಿಸಿ ನೋಡುತ್ತೇನೆ. ಬಚ್ಚಲುಮನೆಗಾದರೂ ಡಬ್ಲ್ಯುಪಿಸಿ ಆದೀತೇ? ಅಮ್ಮನಿಗೆ ಅಲ್ಲಿ ಅನುಕೂಲವಾಗಲು ಏನು ಮಾಡಬೇಕು?

ಉತ್ತರ 1ರವರು

ಅಲ್ಲಿಗೆ ಡಬ್ಲ್ಯುಪಿಸಿಯೇ ತಕ್ಕದ್ದು, ಏಕೆಂದರೆ ಅದು ಕೊಳೆಯುವುದಿಲ್ಲ, ಗೆದ್ದಲೂ ಹತ್ತುವುದಿಲ್ಲ. ಮುಂಬಾಗಿಲಿಗೆ ಮಾತ್ರ ಬೇಡ, ಸಂಜೆಯ ಬಿಸಿಲಿಗೆ ಕಾದು ಬಾಗುವ ಸಂಭವವಿದೆ. ಬಚ್ಚಲಿನಲ್ಲಿ ಮರದ ದಾರಂದವನ್ನು ಇಡಲೇಬೇಡಿ, ಬುಡದ ಅರ್ಧ ಅಡಿ ಮೊದಲು ಕೊಳೆಯುತ್ತದೆ. ಗ್ರಾನೈಟ್ ಅಥವಾ ಸಿಮೆಂಟಿನ ದಾರಂದ ಸಾಕು.

ತಾಯಿಯವರ ಬಚ್ಚಲಿಗೆ ರೂಢಿಯ ಎರಡೂವರೆ ಅಡಿಯ ಬಾಗಿಲನ್ನು ಒಪ್ಪಬೇಡಿ. ಕದ ತೆರೆದ ಮೇಲೂ ಕನಿಷ್ಠ 32 ಅಂಗುಲ ದಾರಿ ಉಳಿಯುವಂತೆ ಮೂರು ಅಡಿಯದನ್ನು ಹಾಕಿಸಿ, ಮುಂದೆ ಗಾಲಿಕುರ್ಚಿ ಬೇಕಾದರೂ ಹಾಯುತ್ತದೆ. ಕದ ಹೊರಕ್ಕೆ ತೆರೆಯಲಿ. ಒಳಗೆ ಬಿದ್ದವರು ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡವಾದರೆ ಹೊರಗಿನವರು ಏನೂ ಮಾಡಲಾಗದು. ಹೊರಕ್ಕೆ ತೆರೆದಾಗ ಕದದಿಂದ ನಾಲ್ಕು ಹನಿ ಕೋಣೆಯೊಳಗೆ ತೊಟ್ಟಿಕ್ಕುತ್ತದೆ, ಅದನ್ನು ಸಹಿಸಿಕೊಳ್ಳಿ. ಒಳಗಿನ ಅಗಳಿಯ ಬದಲು, ಹೊರಗಿನಿಂದ ನಾಣ್ಯ ತಿರುಗಿಸಿ ತೆರೆಯಬಹುದಾದ ಲಾಕ್ ಇರಲಿ. ಗುಂಡು ಹಿಡಿಗಿಂತ ಮೊಣಕೈಯಿಂದಲೂ ಒತ್ತಬಹುದಾದ ಉದ್ದ ಹಿಡಿ ಅವರಿಗೆ ಸುಲಭ. ಒಳಗಿನ ಕೋಣೆಗಳಿಗೆ ಹೊಸ್ತಿಲು ಬೇಡ. ಮುಂಬಾಗಿಲಿಗೆ ಪೂಜೆಗಾಗಿ ಬೇಕೆನಿಸಿದರೆ ಅರ್ಧ ಅಂಗುಲಕ್ಕಿಂತ ಹೆಚ್ಚು ಮೇಲೆ ಕಾಣದಂತೆ ನೆಲದೊಳಕ್ಕೆ ಇಳಿಸಿ.

ಮುಹೂರ್ತದ ಹಿಂದಿನ ದಿನವೇ, ಟೈಲ್ಸು ಮತ್ತು ಅದರಡಿಯ ಗಾರೆ ಸೇರಿ ನೆಲ ಎಷ್ಟು ಮೇಲೆ ಬರುತ್ತದೆ ಎಂದು ಗಾರೆಯವರನ್ನು ಕೇಳಿ, ಆ ಮಟ್ಟಕ್ಕೆ ಪ್ರತಿಯೊಂದು ದಾರಂದದ ಮೇಲೂ ಸೀಮೆಸುಣ್ಣದಲ್ಲಿ ಗೆರೆ ಎಳೆಸಿ. ಎರಡು ಅಂಗುಲ ತಪ್ಪಿದರೂ ಹೊಸ ಕದದ ಬುಡವನ್ನೇ ಕೊಯ್ಯಬೇಕಾಗುತ್ತದೆ.