ಜಾರುವ ಬಟ್ಟೆಗೆ ನೇರ ಹೊಲಿಗೆ ಹಾಕುವುದು ಹೇಗೆ?

ಪ್ರಶ್ನೆ (ಬದಿಯಡ್ಕದಿಂದ):
ಅಕ್ಕಾ, ಮಗಳಿಗೆ ಪಾಲಿಯೆಸ್ಟರ್ ಜಾರ್ಜೆಟ್‌ನಲ್ಲಿ ಟಾಪ್ ಹೊಲಿಯುತ್ತಿದ್ದೇನೆ. ಹತ್ತಿ ಬಟ್ಟೆ ಹೊಲಿದು ಅಭ್ಯಾಸ ಇದೆ, ಇದು ಮಾತ್ರ ಕೈಗೇ ಸಿಗುವುದಿಲ್ಲ. ಶುರುವಿನಲ್ಲೇ ಬಟ್ಟೆ ಮಿಶನಿನೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ಹೊಲಿಗೆ ಉದ್ದಕ್ಕೂ ನೆರಿಗೆ ಕಟ್ಟುತ್ತದೆ, ಅಂಚಿನಿಂದ ನೂಲು ಬಿಡುತ್ತಲೇ ಇರುತ್ತದೆ. ನೂಲಿನ ಬಿಗಿ ಹೊಂದಿಸುವ ಟೆನ್ಶನ್ ಸ್ಕ್ರೂ ತಿರುಗಿಸಿ ತಿರುಗಿಸಿ ಸಾಕಾಯ್ತು. ಅಂಚು ಕಟ್ಟುವ ಓವರ್‌ಲಾಕ್ ಮಿಶನ್ ಇಲ್ಲ.

ಉತ್ತರ (ಕುಂಬಳೆಯ ಟೈಲರ್):
ಟೆನ್ಶನ್ ಸ್ಕ್ರೂ ಸದ್ಯ ಮುಟ್ಟಬೇಡಿ. ಮೊದಲು ಸೂಜಿ ನೋಡಿ, ಅದು ಹತ್ತಿಗೆ ಹಾಕಿದ 16 ನಂಬರೇ ಇರಬೇಕು, ಅಲ್ವಾ? ಹೊಸ 9 ಅಥವಾ 11 ನಂಬರ್ ಹಾಕಿ. ಮೊಂಡು ಸೂಜಿ ಬಟ್ಟೆಯನ್ನು ತೂತು ಮಾಡುವುದಿಲ್ಲ, ಒಳಗೆ ತಳ್ಳುತ್ತದೆ. ನೂಲು ತೆಳ್ಳಗಿನ ಪಾಲಿಯೆಸ್ಟರ್, ಹೊಲಿಗೆಯ ಉದ್ದ 2 ಮಿ.ಮೀ. ಸಾಕು.

ಆದರೆ ನಿಜವಾದ ಕೆಲಸ ಕತ್ತರಿಸುವ ಮೊದಲೇ ಇದೆ. ನಮ್ಮ ಕಾಸರಗೋಡು ಸೀರೆ ಹತ್ತಿಯದ್ದು, ಮೇಜಿನ ಮೇಲೆ ಹಾಸಿದರೆ ಹೇಳಿದಲ್ಲಿ ಕೂರುತ್ತದೆ. ಜಾರ್ಜೆಟ್ ಕೂರುವುದಿಲ್ಲ, ನಾವೇ ಕೂರಿಸಬೇಕು. ಬೆಳ್ತಿಗೆ ಅಕ್ಕಿಯ ಗಂಜಿ ತಿಳಿಯನ್ನು ಚೆನ್ನಾಗಿ ಸೋಸಿ, ನೀರು ಬೆರೆಸಿ, ಬಟ್ಟೆ ಅದ್ದಿ ಚಪ್ಪಟೆಯಾಗಿ ಒಣಗಿಸಿ. ಕುಚ್ಚಲಕ್ಕಿಯದ್ದು ಬೇಡ, ತಿಳಿ ಬಣ್ಣಕ್ಕೆ ಕೆಂಪು ಛಾಯೆ ಹಿಡಿದೀತು. ಮಳೆಗಾಲದಲ್ಲಿ ಒಣಗಲಿಕ್ಕೆ ಹೊತ್ತು ಬೇಕು, ಅರ್ಜೆಂಟ್ ಮಾಡಬೇಡಿ. ಹದ ಬಿಸಿಯಲ್ಲಿ ಇಸ್ತ್ರಿ ಹಾಕಿದರೆ ಬಟ್ಟೆ ಕಾಗದದ ಹಾಗೆ ನಿಲ್ಲುತ್ತದೆ. ಕೆಳಗೆ ಹಳೆಯ ಹತ್ತಿ ಬೆಡ್‌ಶೀಟ್ ಹಾಸಿ ಕತ್ತರಿಸಿ. ಹೊಲಿದ ಮೇಲೆ ಒಮ್ಮೆ ಒಗೆದರೆ ಗಂಜಿ ಹೋಗುತ್ತದೆ.

ಹೊಲಿಯುವಾಗ ಅಡಿಗೆ ತೆಳು ಟಿಶ್ಯೂ ಕಾಗದದ ಪಟ್ಟಿ ಇಡಿ, ಆಮೇಲೆ ಹರಿದು ತೆಗೆಯಬಹುದು. ನ್ಯೂಸ್‌ಪೇಪರ್ ಮಾತ್ರ ಬೇಡ, ಶಾಯಿ ಹತ್ತುತ್ತದೆ. ಶುರುವಿನಲ್ಲಿ ಮೇಲಿನ, ಕೆಳಗಿನ ಎರಡೂ ನೂಲಿನ ತುದಿ ಹಿಂದಕ್ಕೆ ಹಿಡಿದು, ಮೊದಲ ನಾಲ್ಕೈದು ಹೊಲಿಗೆ ಚಕ್ರವನ್ನು ಕೈಯಲ್ಲೇ ತಿರುಗಿಸಿ ಹಾಕಿ. ಬಟ್ಟೆಯನ್ನು ಹಿಂದಿನಿಂದ ಎಳೆಯಬೇಡಿ, ಸುಮ್ನೆ ಬಿಗಿಯಾಗಿ ಹಿಡಿದರೆ ಸಾಕು. ಇಷ್ಟಾಗಿಯೂ ನೆರಿಗೆ ಬಂದರೆ ಆಗ ಮೇಲಿನ ಟೆನ್ಶನ್ ಸ್ವಲ್ಪ ಸಡಿಲ ಮಾಡಿ, ಮಾಡುವುದು ತುಂಡು ಬಟ್ಟೆಯ ಮೇಲೆ.

ಅಂಚಿಗೆ ಫ್ರೆಂಚ್ ಸೀಮ್ ಮಾಡಿ, ಓವರ್‌ಲಾಕ್ ಬೇಡವೇ ಬೇಡ. ಎರಡು ತುಂಡುಗಳ ಒಳಬದಿ ಒಳಬದಿಗೆ ಸೇರಿಸಿ, ಅಂಚಿನಿಂದ ಅರ್ಧ ಸೆಂ.ಮೀ. ಬಿಟ್ಟು ಹೊಲಿಯಿರಿ. 3 ಮಿ.ಮೀ. ಉಳಿಯುವಂತೆ ಕತ್ತರಿಸಿ, ತಿರುಗಿಸಿ, ಇಸ್ತ್ರಿ ಹಾಕಿ. ಈಗ ಹೊರಬದಿಗಳು ಒಳಗೆ ಬಂದವು. ಮತ್ತೆ ಅರ್ಧ ಸೆಂ.ಮೀ. ಬಿಟ್ಟು ಇನ್ನೊಂದು ಹೊಲಿಗೆ. ಕಚ್ಚಾ ಅಂಚು ಒಳಗೇ ಮುಚ್ಚಿಹೋಗುತ್ತದೆ. ಇದಕ್ಕೆ ಒಂದು ಸೆಂ.ಮೀ.ಗಿಂತ ಜಾಸ್ತಿಯೇ ಬಟ್ಟೆ ಹೋಗುತ್ತದೆ, ಕತ್ತರಿಸುವಾಗಲೇ ಬಿಟ್ಟಿರಿ.

ಪ್ರಶ್ನೆ (ಮಂಜೇಶ್ವರದಿಂದ):
ರೇಷ್ಮೆ ಕ್ರೇಪ್‌ಗೂ ಗಂಜಿ ಹಾಕಬಹುದಾ?

ಉತ್ತರ:
ಬೇಡ ತಂಗಿ. ರೇಷ್ಮೆಯ ಮೇಲೆ ನೀರಿನ ಕಲೆ ಉಳಿಯುತ್ತದೆ, ಕ್ರೇಪ್ ಕುಗ್ಗುವುದೂ ಉಂಟು. ಅದಕ್ಕೆ ಟಿಶ್ಯೂ ಕಾಗದ, ಮತ್ತೆ ಮಿಶನಿಗೆ ಹಾಕುವ ಮೊದಲು ತುಂಡುಗಳು ಜಾರದ ಹಾಗೆ ತಾತ್ಕಾಲಿಕ ಕೈಹೊಲಿಗೆ. ನಾನು ಒಮ್ಮೆ ಬೇಗ ಆಗಲಿ ಎಂದು ಕೈಹೊಲಿಗೆ ಬಿಟ್ಟು ಬರೇ ಪಿನ್ ಚುಚ್ಚಿದ್ದೆ. ಬ್ಲೌಸಿನ ಒಂದು ಬದಿ ಅರ್ಧ ಇಂಚು ಉದ್ದ ಬಂತು, ಬಿಚ್ಚಿದ ಮೇಲೆ ಸೂಜಿಯ ತೂತುಗಳು ಹಾಗೇ ಕಂಡವು. ಗಿರಾಕಿಗೆ ಬೇರೆ ಬಟ್ಟೆ ತಂದುಕೊಟ್ಟೆ.

ಬದಿಯಡ್ಕದಿಂದ:
ಸೂಜಿ 16 ನಂಬರೇ ಇತ್ತು ಅಕ್ಕಾ! ಟಾಪಿನ ಕೆಳಭಾಗ ಅಂಬ್ರೆಲ್ಲಾ ಕಟ್, ಅಂಚು ಇವತ್ತೇ ಮಡಚಲಾ?

ಉತ್ತರ:
ಇವತ್ತು ಬೇಡ. ಒಂದು ರಾತ್ರಿ ಹ್ಯಾಂಗರಿಗೆ ನೇತುಹಾಕಿ, ಓರೆಯಾಗಿ ಕತ್ತರಿಸಿದ ಕಡೆ ಬಟ್ಟೆ ಇಳಿಯುತ್ತದೆ. ನಾಳೆ ಮಗಳಿಗೆ ಹಾಕಿಸಿ, ನೆಲದಿಂದ ಸ್ಕೇಲ್ ಹಿಡಿದು ಸುತ್ತ ಗುರುತು ಮಾಡಿ, ಸಮ ಮಾಡಿ ಮಡಚಿ.